ಸಂದರ್ಶನದ ಬಾಗಿಲು ಕಾದ ಕಾಕಾ

ಕಳೆದ ಶನಿವಾರ ನಮ್ಮ ಸಿಮೆಂಟ್ ಕಾರ್ಖಾನೆಯ ಸಭಾಗೃಹದಲ್ಲಿ ಕಾಕಾ ಅವರ ಶ್ರದ್ಧಾಂಜಲಿ ಸಭೆ ಇತ್ತು. ಮೇಜಿನ ಮೇಲೆ ಫೋಟೋ, ಫೋಟೋಕ್ಕೆ ಚೆಂಡುಹೂವಿನ ಹಾರ, ಎದುರಿಗೆ ಊದುಬತ್ತಿ. ಹನ್ನೊಂದು ಮಂದಿ ಮಾತಾಡಿದರು. ಒಬ್ಬರು ಅವರು ಮೂವತ್ತು ವರ್ಷ ಒಂದು ರಜೆಯನ್ನೂ ಕೇಳದ ಮನುಷ್ಯ ಎಂದರು. ಇನ್ನೊಬ್ಬರು ಅವರ ಕೈಯಲ್ಲಿ ಚಹಾ ತುಳುಕಿದ್ದನ್ನು ಕಂಡಿಲ್ಲ ಎಂದರು. ಕೊನೆಯದಾಗಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ, ಚಿಂಚೋಳಿ ಕಡೆಯವನು, ಮೈಕಿನ ಮುಂದೆ ಬಂದು, "ನನಗ ಅವ್ರ ಪರಿಚಯ ಅಷ್ಟಾಗಿ ಇರಲಿಲ್ಲರಿ, ಆದ್ರ ಭಾಳ ಒಳ್ಳೆ ಮನುಷ್ಯ ಇದ್ರು" ಎಂದು ಕೈಮುಗಿದು ಕುಳಿತ. ಅಷ್ಟಾಗಿ ಪರಿಚಯ ಇರಲಿಲ್ಲವಂತೆ. ಈ ಮಹಾಶಯ ಒಂದು ಇಡೀ ಬೇಸಿಗೆ ಪ್ರತಿ ಭಾನುವಾರ ಚಿಂಚೋಳಿಯಿಂದ ಬಸ್ಸು ಹಿಡಿದು ಸೇಡಂಗೆ ಬಂದು, ಕಾಕಾ ಅವರ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು, ನಾಲ್ಕು ಜನರ ಮುಂದೆ ಬಾಯಿ ಬಿಡುವುದನ್ನು ಕಲಿತು ಈ ನೌಕರಿ ಗಿಟ್ಟಿಸಿದವನು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೊರಗೆ ಬಂದುಬಿಟ್ಟೆ.

ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಅರ್ಧ ಮಂದಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಸಾಹೇಬರುಗಳಿಗೆ ಅವರು 'ಸಿಪಾಯಿ', ನಮಗೆ ಕಾಕಾ. ನೇಮಕಾತಿ ಆಫೀಸಿನ ಜವಾನರಾಗಿದ್ದರು. ಸಂದರ್ಶನ ನಡೆಯುವ ಕೋಣೆಯ ಬಾಗಿಲಲ್ಲಿ ನಿಲ್ಲುವುದು, ಪಟ್ಟಿ ನೋಡಿ ಹೆಸರು ಕೂಗುವುದು, ಒಳಗಿನವರಿಗೆ ಚಹಾ ಕೊಡುವುದು ಅವರ ಕೆಲಸ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಸಂದರ್ಶನದಲ್ಲಿ ಗೆಲ್ಲುವುದನ್ನು ಕಲಿಸಿದವರು ಅವರು. ಕಡೆಗೆ ಅವರದೇ ಮಗಳ ನೌಕರಿ ಅದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಆಗ ಅವರಿಂದ ಕಲಿತ ನಾವೆಲ್ಲ ಏನು ಮಾಡಿದೆವು ಎಂಬುದೇ ನನ್ನ ಸಿಟ್ಟಿಗೆ ಕಾರಣ. ನಾವೆಲ್ಲ ಎಂದೆ, ನನ್ನನ್ನು ಬಿಟ್ಟು ಹೇಳುತ್ತಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಸೋತ ದಿನ. ತೆಂಗಳಿಯವಳು ನಾನು. ಚಿತ್ತಾಪುರದಲ್ಲಿ ಬಿ.ಕಾಂ. ಮುಗಿಸಿ, ಕಾಳಗಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಎರಡು ವರ್ಷ ಬೇರೆಯವರಿಗೆ ಕಲಿಸಿಕೊಂಡಿದ್ದೆ. ಕಾರ್ಖಾನೆಯ ಹಾಜರಿ ವಿಭಾಗಕ್ಕೆ ಗುಮಾಸ್ತರು ಬೇಕೆಂದು ಸಂದರ್ಶನಕ್ಕೆ ಕರೆ ಬಂತು. ಒಳಗೆ ಮೂವರು ಕುಳಿತಿದ್ದರು. ನಡುವಿನವರು, "ಹಾಜರಿಯನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಬೇಕು, ಬರುತ್ತಾ?" ಎಂದು ಕೇಳಿದರು. ನಾನು ನೆಲ ನೋಡುತ್ತ, "ಅಷ್ಟೇನ್ ಬರಲ್ರಿ ಸರ್. ಏನೋ ಸ್ವಲ್ಪ ಬರ್ತದರಿ" ಎಂದೆ. "ಬೆಳಿಗ್ಗೆ ಆರರ ಪಾಳಿಗೆ ಬರೋಕೆ ಆಗುತ್ತಾ?" ಎಂದರು. "ನೋಡಬೇಕ್ರಿ, ಮನ್ಯಾಗ ಕೇಳ್ಬೇಕು" ಎಂದೆ. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹೊರಗೆ ಬಂದಾಗ ಬಾಗಿಲಲ್ಲಿ ಬಿಳಿ ಅಂಗಿಯ, ಎತ್ತರದ, ತೆಳ್ಳಗಿನ ಮನುಷ್ಯ ನಿಂತಿದ್ದರು. ಹೆಗಲ ಮೇಲೆ ಒಂದು ದಸ್ತಿ, ಅಂದರೆ ಕೈವಸ್ತ್ರ. ಮೆಲ್ಲಗೆ ಕೇಳಿದರು, "ಅವ್ವಾ, ನಿನಗ ಕಂಪ್ಯೂಟರ್ ಬರ್ತದಿಲ್ಲ?"

"ಬರ್ತದರಿ. ನಾ ಮಂದಿಗಿ ಕಲಿಸ್ತೀನಿ."

"ಮತ್ತ ಒಳಗ ಯಾಕ ಬರಲ್ಲಂದಿ?"

"ದೊಡ್ಡವ್ರ ಮುಂದ ನನಗ ಎಲ್ಲಾ ಬರ್ತದಂತ ಹ್ಯಾಂಗ ಹೇಳೂದ್ರಿ ಕಾಕಾ?"

ಅವರು ನಗಲಿಲ್ಲ. "ಐತವಾರ ಮನಿಗಿ ಬಾ. ನಿಮ್ಮಪ್ಪಗ ಕರ್ಕೊಂಡು ಬಾ" ಎಂದು ಮನೆಯ ಗುರುತು ಹೇಳಿ, ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಮುಂದಿನ ಹೆಸರು ಕೂಗಿದರು. ಆ ಕೆಲಸ ನನ್ನ ನಂತರ ಹೋದವಳಿಗೆ ಸಿಕ್ಕಿತು. ಅವಳು ಕಂಪ್ಯೂಟರ್ ಕಲಿತದ್ದು ಮೂರೇ ತಿಂಗಳು. ಕೇಳಿದ ತಕ್ಷಣ ಬರುತ್ತದೆ ಎಂದಿದ್ದಳು, ಅಷ್ಟೇ ವ್ಯತ್ಯಾಸ.

ಭಾನುವಾರ ಅಪ್ಪನ ಜೊತೆ ಹೋದೆ. ಸೇಡಂನ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ, ನೆಲಕ್ಕೆ ಶಹಾಬಾದಿನ ಕಲ್ಲು. ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಆಚೆ ಕಾಕಾ, ಈಚೆ ಒಂದು ಖಾಲಿ ಕುರ್ಚಿ. ಗೋಡೆಯ ಗುಂಟ ಆರೇಳು ಹುಡುಗರು ನೆಲದ ಮೇಲೆ ಕುಳಿತಿದ್ದರು. ಕಾಕಿ, ಅಂದರೆ ಅವರ ಹೆಂಡತಿ, ಒಳಗಿನಿಂದ ಚಹಾ ತಂದು ನನ್ನ ಮುಂದೆ ಹಿಡಿದರು. ನಾನು ನಮ್ಮ ಕಡೆಯ ರೂಢಿಯಂತೆ, "ಬ್ಯಾಡ್ರಿ ಕಾಕಿ, ಈಗ ಕುಡದೇ ಬಂದೀವಿ" ಎಂದೆ. ಕಾಕಿ ಕಪ್ಪು ಹಿಂದಕ್ಕೆ ತೆಗೆದುಕೊಂಡರು. ಕಾಕಾ ಅದನ್ನು ಇಸಿದುಕೊಂಡು, ಕಪ್ಪಿನ ಕೆಳಗಿನ ಬಸಿಗೆ ಸುರಿದು, ನನ್ನ ಮುಂದೆಯೇ ಸೊರ್ರನೆ ಕುಡಿದರು. ಅಪ್ಪ ಕಕ್ಕಾಬಿಕ್ಕಿಯಾದ. ಗೋಡೆ ಪಕ್ಕದ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು; ಅವರೆಲ್ಲ ಹಿಂದಿನ ವಾರಗಳಲ್ಲಿ ಹೀಗೇ ಚಹಾ ಕಳೆದುಕೊಂಡವರು.

"ನೋಡ್ ಅವ್ವಾ," ಎಂದರು ಕಾಕಾ, ದಸ್ತಿಯಿಂದ ಮೀಸೆ ಒರೆಸಿಕೊಳ್ಳುತ್ತ. "ನಿಮ್ಮೂರಾಗ ಚಹಾ ಬ್ಯಾಡಂದ್ರ ಇನ್ನೊಮ್ಮಿ ಕೇಳ್ತಾರ, ಮತ್ತೊಮ್ಮಿ ಕೇಳ್ತಾರ. ಮೂರನೇ ಸಲ ನೀ ತೊಗೋತಿ. ಅದು ನಮ್ಮ ರೀತಿ, ಛಲೋ ಅದ. ಆ ಇಂಟರ್ವ್ಯೂ ಖೋಲ್ಯಾಗ ಕುಂತವ್ರು ಒಮ್ಮಿ ಕೇಳ್ತಾರ. ಬ್ಯಾಡಂದ್ರ ಬ್ಯಾಡಂತ ಬರಕೋತಾರ. ಅವ್ರೇನು ನಿನ್ನ ಸ್ವಾದರಮಾವ ಅಲ್ಲ, ಕೈ ಹಿಡಿದು ಕುಡಿಸ್ಲಿಕ್ಕ."

ಇದೊಂದೇ ಮಾತಿನಲ್ಲಿ ಅವರ ವಿದ್ಯೆಯ ಮುಕ್ಕಾಲು ಪಾಲು ಸೇರಿತ್ತು. ಬಾಗಿಲಲ್ಲಿ ನಿಂತು ಅವರು ಕಂಡುಕೊಂಡದ್ದು ಇದು: ನಮ್ಮ ಮಕ್ಕಳು ಕೆಲಸ ಬಾರದೆ ಸೋಲುತ್ತಿರಲಿಲ್ಲ, ಬರುತ್ತದೆ ಎಂದು ಹೇಳಲಾರದೆ ಸೋಲುತ್ತಿದ್ದರು. ಹಿರಿಯರ ಮುಂದೆ 'ನನಗೆ ಬರುತ್ತದೆ' ಎಂದರೆ ನಮ್ಮಲ್ಲಿ ಸೊಕ್ಕು. ಮೊದಲ ಸಲಕ್ಕೇ 'ಹೂಂ' ಎಂದರೆ ಆಸೆಬುರುಕತನ. ಆರು ವರ್ಷ ವೆಲ್ಡಿಂಗ್ ಮಾಡಿದವನು 'ರಾಡ್ ಹಿಡೀಲಿಕ್ಕ ಬರ್ತದರಿ' ಎನ್ನುತ್ತಿದ್ದ. ಮೋಟಾರು ಬಿಚ್ಚಿ ಜೋಡಿಸುವವನು 'ಉಸ್ತಾದ್ರು ಮಾಡೂದು ನೋಡೀನ್ರಿ' ಎನ್ನುತ್ತಿದ್ದ. ಒಳಗಿನವರು ಅದನ್ನೇ ನಿಜವೆಂದು ಬರೆದುಕೊಂಡು, ಈ ಭಾಗದ ಹುಡುಗರಿಗೆ ಕೌಶಲ ಇಲ್ಲ ಎಂದು ವರದಿ ಕಳಿಸುತ್ತಿದ್ದರು. ಆ ವರದಿಗಳನ್ನು ನಾನೇ ನಂತರ ಫೈಲಿನಲ್ಲಿ ಓದಿದ್ದೇನೆ. ಒಬ್ಬನೇ ಒಬ್ಬ ಅಧಿಕಾರಿಗೂ ಎರಡನೇ ಸಲ ಕೇಳಿ ನೋಡೋಣ ಅನ್ನಿಸಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಚಹಾ ಕೊಡುವ ಮನುಷ್ಯನೇ ಬೇಕಾಯಿತು.

ಪಾಠ ಹೀಗಿರುತ್ತಿತ್ತು. ಬಾಗಿಲಿಂದ ಹೊರಗೆ ಹೋಗಿ ಒಳಗೆ ಬರಬೇಕು. ಕುಂದ್ರು ಅಂದರೆ ಕೂರಬೇಕು, 'ಇರ್ಲಿ ಬಿಡ್ರಿ' ಅನ್ನಕೂಡದು. ಪ್ರಶ್ನೆಗೆ ಮೊದಲ ಮಾತು 'ಹೌದ್ರಿ' ಅಥವಾ 'ಇಲ್ರಿ'. ಆಮೇಲೆ ಏನು ಮಾಡಿದ್ದೀವಿ ಎಂಬುದು. ಬಾರದ್ದನ್ನು ಬರುತ್ತದೆ ಎಂದರೆ ಕಾಕಾ ಕೆಂಡವಾಗುತ್ತಿದ್ದರು. "ಸುಳ್ಳು ಹೇಳ್ಲಿಕ್ಕ ನಾ ಕಲಿಸಲ್ಲ, ಬ್ಯಾರೆ ಮನಿ ನೋಡ್ಕೋ" ಎಂದು ಒಬ್ಬನನ್ನು ಎಬ್ಬಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬ ಹುಡುಗನ ತಂದೆ ತೊಗರಿಯ ಚೀಲ ಹೊತ್ತು ತಂದಾಗ, ಬಸ್ ಸ್ಟ್ಯಾಂಡಿನವರೆಗೂ ತಾವೇ ಹಿಂದೆ ಹಿಂದೆ ಹೋಗಿ ಚೀಲವನ್ನು ಬಸ್ಸಿಗೆ ಹತ್ತಿಸಿ ಬಂದಿದ್ದರು.

ಅವರಿಗೆ ಸಿಟ್ಟು ಬರುತ್ತಿದ್ದ ಇನ್ನೊಂದು ಸಂಗತಿ ಎಂದರೆ 'ತಂದೆ ಏನು ಮಾಡುತ್ತಾರೆ' ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ತಲೆ ತಗ್ಗಿಸುವುದು. ಶಹಾಬಾದಿನ ಒಬ್ಬ ಹುಡುಗನ ಅಪ್ಪ ಕಲ್ಲಿನ ಗಣಿಯಲ್ಲಿ ಕೂಲಿ. ಹುಡುಗ 'ಬಿಸಿನೆಸ್' ಎಂದ. ಕಾಕಾ ಮೇಜಿನ ಮೇಲೆ ಅಂಗೈ ಊರಿ ಎದ್ದು ನಿಂತರು. "ನಿಮ್ಮಪ್ಪ ಕಲ್ಲು ಒಡೀತಾನಂದ್ರ ಒಡೀತಾನಂತ ತಲಿ ಎತ್ತಿ ಹೇಳು. ಆ ಸಾಹೇಬರ ಕುರ್ಚಿ ನಿಮ್ಮಪ್ಪ ಒಡದ ಕಲ್ಲಿನ ಮ್ಯಾಲೇ ನಿಂತದ" ಎಂದರು. ಹುಡುಗ ಅವತ್ತು ಹತ್ತು ಸಲ ಆ ಉತ್ತರ ಹೇಳಿದ. ಹತ್ತನೇ ಸಲಕ್ಕೆ ಅವನ ದನಿ ಸ್ಪಷ್ಟವಾಯಿತು.

ಅದೇ ಹುಡುಗನ ನಿಜವಾದ ಸಂದರ್ಶನದಲ್ಲಿ ಒಂದು ಎಡವಟ್ಟಾಯಿತು. ಕಾಕಾ ತಟ್ಟೆಯಲ್ಲಿ ಚಹಾ ಹಿಡಿದು ಒಳಗೆ ಬಂದದ್ದೇ ತಡ, ಹುಡುಗ ಕುರ್ಚಿ ಬಿಟ್ಟು ಎದ್ದು ನಿಂತ. ಗುರು ನಿಂತಿರುವಾಗ ಅವನಿಗೆ ಕುಳಿತಿರಲು ಆಗಲಿಲ್ಲ. ಒಳಗಿನವರು ಜವಾನನಿಗೆ ಎದ್ದು ನಿಲ್ಲುವ ಇವನೆಂಥ ಪೆದ್ದ ಎಂದು ನಕ್ಕರು, ಅವನ ಹೆಸರು ಹೊಡೆದು ಹಾಕಿದರು. ಆ ಸಂಜೆ ಕಾಕಾ ಊಟ ಮಾಡಲಿಲ್ಲ ಎಂದು ಕಾಕಿ ಹೇಳಿದರು. ಮುಂದಿನ ಭಾನುವಾರದಿಂದ ಪಾಠಕ್ಕೆ ಒಂದು ಹೊಸ ಭಾಗ ಸೇರಿತು. ಕಾಕಾ ಖಾಲಿ ತಟ್ಟೆ ಹಿಡಿದು ಬಾಗಿಲಿಂದ ಬರುತ್ತಿದ್ದರು. ಕುರ್ಚಿಯಲ್ಲಿದ್ದವರು ಅವರ ಮುಖ ನೋಡಬಾರದು, ಏಳಬಾರದು, ನಮಸ್ಕಾರ ಅನ್ನಬಾರದು. "ನಾ ಯಾರಂತ ನಿಮಗ ಗೊತ್ತೇ ಇಲ್ಲ. ನಾ ಅಲ್ಲಿ ಇಲ್ಲೇ ಇಲ್ಲಂತ ತಿಳ್ಕೋರಿ" ಎನ್ನುತ್ತಿದ್ದರು. ತನಗೆ ಮರ್ಯಾದೆ ಕೊಡಬೇಡಿ ಎಂದು ಶಿಷ್ಯರಿಗೆ ಅಭ್ಯಾಸ ಮಾಡಿಸಿದ ಗುರುವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾವು ಆ ಪಾಠವನ್ನು ಉಳಿದೆಲ್ಲ ಪಾಠಕ್ಕಿಂತ ಚೆನ್ನಾಗಿ ಕಲಿತೆವು.

ನನಗೆ ಮರುವರ್ಷ ಕೆಲಸ ಸಿಕ್ಕಿತು. "ಬರುತ್ತಾ?" ಎಂದಾಗ "ಬರ್ತದರಿ ಸರ್, ಮೂರು ವರ್ಷ ಕಲಿಸೀನಿ" ಎಂದೆ. ಶಹಾಬಾದಿನ ಹುಡುಗನೂ ಎರಡನೇ ಪ್ರಯತ್ನದಲ್ಲಿ ಗೆದ್ದು ಕ್ರೇನ್ ಮೇಲೆ ಕುಳಿತ. ವಾಡಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದ ಇಬ್ಬರು ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದರು. ಚಿಂಚೋಳಿಯವನ ಬಗ್ಗೆ ಆಗಲೇ ಹೇಳಿದೆ. ಕಾರ್ಖಾನೆಯಲ್ಲಿ ಹೊರಳಿದ ಕಡೆಯೆಲ್ಲ ಕಾಕಾ ಅವರ ಕೋಣೆಯಿಂದ ಬಂದವರು ಇದ್ದೆವು. ಯಾರೂ ಅವರನ್ನು ಆಫೀಸಿನಲ್ಲಿ ಮಾತಾಡಿಸುತ್ತಿರಲಿಲ್ಲ, ಅವರೇ ಹಾಗೆ ಹೇಳಿದ್ದರಿಂದ. ಕ್ರಮೇಣ ಅದೇ ನಮಗೆ ಅನುಕೂಲವಾಯಿತು. ಸೂಟು ಹಾಕಿದವರ ಎದುರು ಜವಾನನನ್ನು ಗುರುವೇ ಎನ್ನಬೇಕಾದ ಕಷ್ಟ ತಪ್ಪಿತು.

ಅವರಿಗೆ ಒಬ್ಬಳೇ ಮಗಳು. ರಸಾಯನಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರೆ, ಜಾಣೆ, ಮಾತು ಕಡಿಮೆ. ಮೂರು ವರ್ಷದ ಹಿಂದೆ, ಕಾಕಾ ನಿವೃತ್ತಿಗೆ ಒಂದು ವರ್ಷ ಇದ್ದಾಗ, ಪ್ರಯೋಗಾಲಯದಲ್ಲಿ ಒಂದು ಹುದ್ದೆ ಖಾಲಿಯಾಯಿತು. ಅವಳು ಅರ್ಜಿ ಹಾಕಿದಳು, ಕರೆ ಬಂತು. ಆ ದಿನ ತಾವು ಬಾಗಿಲಲ್ಲಿ ಇರಬಾರದು ಎಂದು ಕಾಕಾ ರಜೆ ಕೇಳಿದರು. "ನೀವಿಲ್ಲದಿದ್ದರೆ ಚಹಾ ಯಾರು ಕೊಡೋದು?" ಎಂದು ಹೊಸದಾಗಿ ಬಂದಿದ್ದ ಎಚ್.ಆರ್. ಸಾಹೇಬರು ರಜೆ ಕೊಡಲಿಲ್ಲ. ಮೊನ್ನೆಯ ಸಭೆಯಲ್ಲಿ 'ರಜೆಯನ್ನೇ ಕೇಳದ ಮನುಷ್ಯ' ಎಂದು ಹೊಗಳಿದವರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ. ನಾನು ಆ ವೇಳೆಗೆ ಹಾಜರಿ ವಿಭಾಗದಿಂದ ಎಚ್.ಆರ್. ಆಫೀಸಿಗೆ ಬಂದಿದ್ದೆ, ರಜೆ ನಿರಾಕರಿಸಿದ ಚೀಟಿ ನನ್ನ ಮೇಜಿನ ಮೇಲಿಂದಲೇ ಹೋಯಿತು.

ಹಾಗಾಗಿ ಕಾಕಾ ತಮ್ಮ ಮಗಳ ಹೆಸರನ್ನು ತಾವೇ ಕೂಗಬೇಕಾಯಿತು. ಎಲ್ಲರನ್ನೂ ಕರೆದ ಹಾಗೆಯೇ ಚೌಕಟ್ಟಿಗೆ ಎರಡು ಸಲ ಬಡಿದು, "ಒಳಗ ಬರ್ರಿ" ಎಂದು ಬಹುವಚನದಲ್ಲಿ ಕರೆದರು. ಅವಳು ಅವರ ಮುಖ ನೋಡದೆ ಒಳಗೆ ಹೋದಳು. ಸುಣ್ಣದಕಲ್ಲಿನ ಮಾದರಿ ಹೇಗೆ ಪರೀಕ್ಷಿಸುತ್ತೀರಿ ಎಂದರು, ಹೇಳಿದಳು. ತಪ್ಪು ಬಂದರೆ ಏನು ಮಾಡುತ್ತೀರಿ ಎಂದರು, ಹೇಳಿದಳು. ತಡವರಿಸಲಿಲ್ಲ, ಸ್ವಲ್ಪ ಬರ್ತದರಿ ಎನ್ನಲಿಲ್ಲ. ಸಾಹೇಬರಿಗೆ ಅದೇ ಸಂಶಯಕ್ಕೆ ದಾರಿಯಾಯಿತು. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು.

"ಈಗ ನಿಮಗ ಚಹಾ ಕೊಟ್ಟು ಹೋದ್ರಲ್ರಿ ಸರ್, ಅವ್ರೇ ನಮ್ಮಪ್ಪ."

"ಈ ಪ್ರಶ್ನೆಗಳೆಲ್ಲ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ರಿ. ಭಾಳ ವರ್ಷದಿಂದ ಇವೇ ಕೇಳ್ತಾರಂತ ಅಪ್ಪ ಹೇಳಿದ್ರು."

ಕೇಳಿದ್ದಕ್ಕೆ ನಿಜ ಹೇಳಿದಳು, ಅವರಪ್ಪ ಕಲಿಸಿದಂತೆಯೇ. ಮರುದಿನ ಕಾಕಾ ಅವರಿಗೆ ನೋಟಿಸು ಬಂತು. ಡ್ರಾವರಿನಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ಕದ್ದು ನೋಡಿ ಮಗಳಿಗೆ ತಿಳಿಸಿದ್ದಾರೆ ಎಂಬ ಆರೋಪ. ಮಗಳ ಫಲಿತಾಂಶ ತಡೆಹಿಡಿದರು. ಆ ಹಾಳೆ ನಾನು ನೋಡಿದ್ದೇನೆ, ಕಾಗದ ಹಳದಿಯಾಗಿತ್ತು. ಎಷ್ಟೋ ವರ್ಷದಿಂದ ಪ್ರಶ್ನೆ ಬದಲಾಯಿಸುವ ಶ್ರಮ ತೆಗೆದುಕೊಳ್ಳದವರಿಗೆ ನೋಟಿಸಿಲ್ಲ, ಬಾಗಿಲಲ್ಲಿ ನಿಂತವನಿಗೆ ಕಿವಿ ಇದೆ ಎಂಬುದಕ್ಕೆ ನೋಟಿಸು.

ವಿಚಾರಣೆ ನಡೆಯಿತು. ಹಿಂದೆ ಆಯ್ಕೆಯಾಗಿದ್ದ ಸ್ಥಳೀಯರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು: ಈ ಮನುಷ್ಯ ನಿಮಗೆ ಏನಾದರೂ ಹೇಳಿಕೊಟ್ಟಿದ್ದಾನಾ? ಎಲ್ಲರೂ ಇಲ್ಲ ಎಂದರು. ಅವರ ಮನೆ ಎಲ್ಲಿದೆ ಎಂದೇ ಗೊತ್ತಿಲ್ಲ ಎಂದರು. ನನ್ನ ಸರದಿ ಬಂದಾಗ ನಾನೂ "ಗೊತ್ತಿಲ್ಲ ಸರ್" ಎಂದೆ. ಹೌದು ಎಂದರೆ ಕಾಕಾ ಅವರಿಗೆ ತೊಂದರೆಯಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಕೆಲಸಕ್ಕೂ ಸಂಚಕಾರ ಬಂದೀತು ಎಂಬ ಭಯ ಅದರ ಕೆಳಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಸಂಜೆ ಅವರ ಮನೆಗೆ ಹೋದೆ. ಉಪಕಾರ ಮಾಡಿದವಳ ಹಾಗೆ, "ಕಾಕಾ, ಯಾರೂ ಬಾಯಿ ಬಿಟ್ಟಿಲ್ಲ" ಎಂದೆ. ಅವರು ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು.

"ಅದೇ ತಪ್ಪಾಗ್ಯದ ಅವ್ವಾ. ಎಲ್ಲಾರಿಗೂ ಕಲಿಸೀನಂದ್ರ ಅದರಾಗ ಕಳವಿಲ್ಲಂತ ಗೊತ್ತಾಗ್ತಿತ್ತು. ನೀವು ಯಾರೂ ಬಂದೇ ಇಲ್ಲಂದ್ರ, ನನ್ನ ಮಗಳ ಒಬ್ಬಾಕಿಗೇ ಕದ್ದು ಹೇಳಿಕೊಟ್ಟಂಗ ಆಯ್ತಲ್ಲ."

ಒಳಗಿನಿಂದ ಕಾಕಿ ಬಂದರು. ನಾನು ಅವರ ಸಿಟ್ಟನ್ನು ಮೊದಲ ಸಲ ನೋಡಿದ್ದು ಆಗ. "ಎಷ್ಟು ಮಂದಿಗಿ ಚಹಾ ಮಾಡಿ ಮಾಡಿ ಈ ಕೈ ಸವದಾವ. ನನ್ನ ಮಗಳ ಬಾಳೇವು ಹಾಳಾಗಾಕತ್ತದ, ಒಬ್ಬರಿಗೂ ನಮ್ಮ ಮನಿ ಗೊತ್ತಿಲ್ಲಂತ. ನೀ ಬ್ಯಾರೆ ಅದನ್ನ ಹೇಳ್ಲಿಕ್ಕ ಬಂದೀಯೇನು?" ಎಂದರು. ಮಗಳು ಒಳಕೋಣೆಯ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಾಕಾ ಹೆಂಡತಿಗೆ ಸುಮ್ಮನಿರು ಎನ್ನಲಿಲ್ಲ. ಆಡಲಿ ಎಂದು ಬಿಟ್ಟರು.

ಮರುದಿನದಿಂದ ನಾನು ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ಹೇಳಿಕೆ ಬದಲಿಸೋಣ, ಹೋಗಿ ನಿಜ ಬರೆದುಕೊಡೋಣ ಎಂದೆ. ಚಿಂಚೋಳಿಯವನು, "ನನ್ನ ಪ್ರಮೋಶನ್ ಬರೂದದ ಅಕ್ಕಾ, ಈಗ ನಡುವ ಇದೆಲ್ಲ ಯಾಕ?" ಎಂದ. ಇನ್ನೊಬ್ಬ ಊಟದ ಡಬ್ಬಿ ಮುಚ್ಚಿಕೊಂಡು ಎದ್ದು ಹೋದ. ಕೊನೆಗೆ ಏಳು ಮಂದಿ ಆದೆವು. ಕ್ರೇನಿನ ಹುಡುಗ ಎಲ್ಲರಿಗಿಂತ ಮುಂದೆ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತ. "ನಾನೂ ಅವ್ರ ಮನ್ಯಾಗೇ ಕಲ್ತೀನ್ರಿ. ಪ್ರಶ್ನಿ ಕದ್ದು ಹೇಳಿಲ್ರಿ, ಮಾತಾಡ್ಲಿಕ್ಕ ಕಲಿಸ್ಯಾರ. ಅವತ್ತ ಸುಳ್ಳು ಹೇಳಿದ್ದಕ್ಕ ನನಗೂ ನೋಟಿಸು ಕೊಡ್ರಿ" ಎಂದ. ಅವನ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಏಳು ಜನರ ಬರಹ ಕೈಗೆ ಬಂದ ಮೇಲೆ ಕಳ್ಳತನದ ಆರೋಪ ನಿಲ್ಲಲಿಲ್ಲ. ಬೇರೆ ಮೂವರು ಅಧಿಕಾರಿಗಳನ್ನು ಕರೆಸಿ, ಬೇರೆ ಪ್ರಶ್ನೆಗಳನ್ನಿಟ್ಟು, ಮಗಳ ಸಂದರ್ಶನ ಮತ್ತೆ ಮಾಡಿದರು. ಕಾಕಾ ಅವರನ್ನು ಆ ದಿನ ಸ್ಟೋರ್ಸಿನ ಗೇಟಿಗೆ ಕಳಿಸಿದ್ದರು. ಅವಳು ಎಲ್ಲರಿಗಿಂತ ಮೇಲೆ ಬಂದಳು. ಆ ಮೂವರಲ್ಲಿ ಒಬ್ಬರು, ಇಷ್ಟು ನೇರವಾಗಿ ಉತ್ತರ ಕೊಟ್ಟವರನ್ನು ಈ ಊರಲ್ಲಿ ನೋಡಿರಲಿಲ್ಲ ಎಂದು ಬರೆದರು.

ಅಲ್ಲಿಗೆ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸೋತದ್ದು ಸಾಹೇಬರಿಗೆ ನುಂಗಲಾಗಲಿಲ್ಲ. ಕದ್ದಿಲ್ಲ ಸರಿ, ಆದರೆ ಜವಾನನಾಗಿ ಮನೆಯಲ್ಲಿ ಪಾಠ ನಡೆಸಿದ್ದೇ ಶಿಸ್ತಿನ ಉಲ್ಲಂಘನೆ, ತಪ್ಪೊಪ್ಪಿಗೆ ಬರೆದುಕೊಟ್ಟರೆ ಮಾತ್ರ ಮಗಳ ನೇಮಕದ ಆರ್ಡರು ಹೊರಗೆ ಬರುತ್ತದೆ ಎಂದರು. ಒಕ್ಕಣೆ ಅವರೇ ಹೇಳಿದರು. ಟೈಪ್ ಮಾಡಿದವಳು ನಾನು. ಮೂರು ಸಾಲು: 'ಸಂದರ್ಶನಕ್ಕೆ ಬರುವವರಿಗೆ ನನ್ನ ಮನೆಯಲ್ಲಿ ಹೇಳಿಕೊಟ್ಟಿದ್ದೇನೆ. ಅದು ನಾನು ಮಾಡಿದ ತಪ್ಪು. ಇನ್ನು ಮುಂದೆ ಯಾರಿಗೂ ಹೇಳಿಕೊಡುವುದಿಲ್ಲ.'

ನಾನು ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತಿರುವಾಗಲೇ ಕಾಕಾ ಅವರನ್ನು ಸಂದರ್ಶನದ ಕೋಣೆಯೊಳಗೆ ಕರೆಸಿದರು. ಅಭ್ಯರ್ಥಿಗಳು ಕೂರುವ ಕುರ್ಚಿ ತೋರಿಸಿ ಕೂರಲು ಹೇಳಿದರು. ಅಷ್ಟು ವರ್ಷ ಆ ಕೋಣೆಗೆ ತಟ್ಟೆ ಹಿಡಿದು ಬಂದವರು ಅಲ್ಲಿ ಕುಳಿತದ್ದು ಅದೇ ಮೊದಲು. ಕಾಗದವನ್ನು ದೂರ ಹಿಡಿದು ಮೂರು ಸಾಲನ್ನೂ ಓದಿದರು.

"ಸಾಹೇಬ್ರ, ಮೊದಲನೇದು ಖರೆ ಅದ. ಮೂರನೇದು ನಡೀತದ, ಬಿಡ್ತೀನಿ. ನಡುವಿನ ಸಾಲು ತೆಗೀರಿ."

"ಯಾಕೆ?"

"ನಾ ತಪ್ಪು ಮಾಡಿಲ್ರಿ."

"ಮೂರೂ ಇರಬೇಕು. ಇಲ್ಲಾಂದ್ರೆ ಮಗಳ ಆರ್ಡರ್ ಈ ಡ್ರಾವರಿನಲ್ಲೇ ಇರುತ್ತೆ. ಯೋಚನೆ ಮಾಡಿ" ಎಂದರು ಸಾಹೇಬರು, ಗಡಿಯಾರ ನೋಡುತ್ತ.

ಕಾಕಾ ನನ್ನ ಕಡೆ ನೋಡಿದರು. ಕೇಳಿದ್ದಕ್ಕೆ ನೇರವಾಗಿ ಹೇಳು ಎಂದು ವರ್ಷಗಟ್ಟಲೆ ಕಲಿಸಿದ ಮನುಷ್ಯ. ಆ ಸಾಲು ತೆಗೆಯಿರಿ ಸರ್, ಅದು ಸುಳ್ಳು ಎಂದು ನಾನು ಹೇಳಬಹುದಿತ್ತು. ಆರು ಜನರನ್ನು ಕಟ್ಟಿಕೊಂಡು ಬಂದವಳು ಒಬ್ಬಳೇ ಇದ್ದಾಗ ಕೀಬೋರ್ಡು ನೋಡುತ್ತ ಕುಳಿತೆ. ಅವರು ಕಾಗದವನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, "ಅವ್ವಾ, ಪೆನ್ನು ಕೊಡು" ಎಂದರು. ಕೊಟ್ಟೆ. ಊರು, ತಂದೆಯ ಹೆಸರು ಸಮೇತ ಪೂರ್ತಿ ಸಹಿ ಮಾಡಿದರು.

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನಿಂತು, "ಆ ನಡುವಿನ ಸಾಲು ನಮ್ಮ ಹುಡಿಗಿಗಿ ಗೊತ್ತಾಗೂದು ಬ್ಯಾಡ. ಗೊತ್ತಾದ್ರ ನೌಕರಿಗಿ ಬರಲ್ಲಂತ ಹಠ ಹಿಡೀತಾಳ" ಎಂದಷ್ಟೇ ಹೇಳಿದರು. ನನ್ನ ಮೇಲೆ ಒಂದು ಮಾತಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಗಳು ಕೆಲಸಕ್ಕೆ ಸೇರಿದಳು. ಕಾಕಾ ಕೊಟ್ಟ ಮಾತಿನಂತೆ ಭಾನುವಾರದ ಪಾಠ ನಿಲ್ಲಿಸಿದರು. ಬಾಗಿಲಿಗೆ ಬಂದ ಹುಡುಗರನ್ನು ಕಾಕಿ ಹೊರಗಿನಿಂದಲೇ ಕಳಿಸುತ್ತಿದ್ದರು. ನಿವೃತ್ತಿಯಾದ ಮೇಲಾದರೂ ಶುರು ಮಾಡಿ ಎಂದು ಒಮ್ಮೆ ಕೇಳಿದೆ. "ಸಹಿ ಮಾಡೀನಲ್ಲ ಅವ್ವಾ" ಎಂದರು. ಕಳೆದ ವರ್ಷ ಇಪ್ಪತ್ತು ಹುದ್ದೆಗೆ ಸಂದರ್ಶನ ಆಯಿತು. ಕಾಳಗಿ, ಚಿತ್ತಾಪುರದ ಹುಡುಗರು ಸಾಲಾಗಿ ಒಳಗೆ ಹೋಗಿ, ಸ್ವಲ್ಪ ಬರ್ತದರಿ ಎಂದು ಹೇಳಿ, ಸಾಲಾಗಿ ಹೊರಗೆ ಬಂದರು. ಈ ಭಾಗದ ಹುಡುಗರಿಗೆ ಕೌಶಲ ಇಲ್ಲ ಎಂಬ ವರದಿಯನ್ನು ಆ ಸಲ ನಾನೇ ಟೈಪ್ ಮಾಡಿದೆ.

ಶನಿವಾರದ ಸಭೆಯಲ್ಲಿ ಮಗಳು ಮುಂದಿನ ಸಾಲಿನಲ್ಲಿ ಕುಳಿತು ಹನ್ನೊಂದು ಜನರ ಮಾತನ್ನೂ ಕೇಳಿದಳು. ಅವಳಿಗೆ ಹೇಳಬೇಡ ಎಂದು ಕಾಕಾ ಕೇಳಿಕೊಂಡಿದ್ದರು, ಅವರು ಇರುವ ತನಕ ಹೇಳಲಿಲ್ಲ. ಈಗ ಅವಳು ಇದನ್ನು ಓದಲಿ. ಆ ಕಾಗದ ಇವತ್ತಿಗೂ ಅವರ ಫೈಲಿನಲ್ಲಿದೆ, ಫೈಲು ನನ್ನ ಕಪಾಟಿನಲ್ಲಿದೆ. ಅದರ ಎರಡನೆಯ ಸಾಲು ಸುಳ್ಳು. ಬರೆಸಿದವರಿಗೂ ಗೊತ್ತಿತ್ತು, ಸಹಿ ಮಾಡಿದವರಿಗೂ ಗೊತ್ತಿತ್ತು, ಟೈಪ್ ಮಾಡಿದ ನನಗೂ ಗೊತ್ತಿತ್ತು.